ಕಲ್ಲಿಗೆ ಹೆಪ್ಪು ಹಾಕೋ ಕೆಲಸ

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಅಂತ ನಾನು ಪುಣೆಗೆ ಬಂದದ್ದು 1992ರಲ್ಲಿ. ಮೊದಲ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಕೇಳಿದ್ಲು, "ದಿನಾ ಅಲ್ಲಿ ಏನ ಮಾಡ್ತೀಯವ್ವಾ?" ಅಂತ. ನೀರು, ಮರಳಿನಂಥ ಪುಡಿ, ಕ್ಷಾರ ಎಲ್ಲಾ ಕಲಸಿ, ಪಾತ್ರೆ ಬಾಯಿ ಬಿಗಿದು, ಮೂರು ದಿನ ಬಿಸೀಲಿ ಇಟ್ಟು ಕಲ್ಲು ಮಾಡ್ತೀನಿ ಅಂದೆ. "ಹಂಗಾರ ಅಡಗೀನ ಅಲ್ಲೇನ?" ಅಂದ್ಲು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮೇಲೆ ಹೇಳ್ತೀನಿ, ಇದರ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲಿ ಅವ್ವನದೇ ಸತ್ಯಕ್ಕೆ ಹತ್ತಿರ.

ನಾನು ಮಾಡೋ ಆ ಕಲ್ಲಿನ ಹೆಸರು ಜಿಯೋಲೈಟ್, ಅಂದ್ರೆ ಗ್ರೀಕಿನಲ್ಲಿ ಕುದಿಯೋ ಕಲ್ಲು. 1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರೋನ್‌ಸ್ಟೆಟ್ ಒಂದು ಕಲ್ಲನ್ನ ಉರಿಗೆ ಹಿಡಿದ, ಅದು ಕುದಿಯೋ ಹಾಗೆ ಉಬ್ಬಿ ಆವಿ ಬಿಡ್ತು, ಅದಕ್ಕೇ ಆ ಹೆಸರಿಟ್ಟ. ಒಳಗಿದ್ದ ನೀರು ಹೊರಗೆ ಹೋಗ್ತಿತ್ತು ಅಷ್ಟೆ. ನೀರು ಹೋದ ಮೇಲೂ ಎಷ್ಟೋ ಜಿಯೋಲೈಟ್‌ಗಳ ಒಳಮನೆ ಕುಸಿಯಲ್ಲ, ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿದ ಗೂಡು ಹಾಗೇ ನಿಂತಿರುತ್ತೆ, ಗೂಡಿನ ತುಂಬಾ ಒಂದೇ ಅಳತೆಯ ಓಣಿಗಳು. ನಾನು ಬಹಳ ವರ್ಷ ಮಾಡಿದ ಝಡ್‌ಎಸ್‌ಎಂ-5 ಅನ್ನೋ ಜಿಯೋಲೈಟ್‌ನಲ್ಲಿ ಓಣಿಯ ಅಗಲ ಸುಮಾರು 0.55 ನ್ಯಾನೋಮೀಟರ್, ಅಂದ್ರೆ ತಲೆಕೂದಲಿಗಿಂತ ಲಕ್ಷಕ್ಕೂ ಹೆಚ್ಚು ಪಟ್ಟು ಸಣ್ಣದು. ಒಂದು ಗ್ರಾಂ ಪುಡಿಯ ಒಳಗಿನ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದ್ರೆ 300ರಿಂದ 400 ಚದರ ಮೀಟರ್ ಆಗುತ್ತೆ, ನಾಲ್ಕು ಬ್ಯಾಡ್ಮಿಂಟನ್ ಕೋರ್ಟು.

ಪುಣೆಗೂ ಈ ಕಲ್ಲಿಗೂ ನಂಟು ಲ್ಯಾಬ್ ಶುರುವಾಗೋಕೆ ಮುಂಚಿನದು. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲಿ ಲಾವಾ ಹರಿದು ದಖ್ಖನ್ನಿನ ಕರಿಕಲ್ಲಾಯ್ತಲ್ಲ, ಆಗ ಅದರಲ್ಲಿ ಗ್ಯಾಸಿನ ಗುಳ್ಳೆಗಳು ಸಿಕ್ಕಿಕೊಂಡ್ವು, ಆಮೇಲೆ ಬಿಸಿನೀರು ಆ ಪೊಳ್ಳುಗಳಿಗೆ ಇಳಿದು ಕಲ್ಲನ್ನೇ ಒಂಚೂರು ಒಂಚೂರು ಕರಗಿಸಿ ಅಲ್ಲೇ ಹರಳು ಕಟ್ಟಿಸ್ತು. ವಾಘೋಲಿ ಕಡೆ ಕಲ್ಲು ಕ್ವಾರಿಗಳಲ್ಲಿ ಒಡೆದಾಗ ಒಳಗೆ ಬಿಳೀ, ತಿಳಿ ಕೇಸರಿ ಬಣ್ಣದ ಸ್ಟಿಲ್ಬೈಟ್ ಸಿಗುತ್ತೆ, ಅದು ಜಿಯೋಲೈಟೇ. ಅದರ ಮೇಲೆ ಕೆಲವೊಮ್ಮೆ ಕಡುನೀಲಿ ಕ್ಯಾವನ್ಸೈಟ್ ಕೂತಿರುತ್ತೆ, ಅದು ಜಿಯೋಲೈಟ್ ಅಲ್ಲ ಆದ್ರೆ ಅಷ್ಟು ಚಂದದ ನೀಲಿ ನಾನು ಇನ್ನೆಲ್ಲೂ ನೋಡಿಲ್ಲ. ಪ್ರಪಂಚದ ಮ್ಯೂಸಿಯಂಗಳಲ್ಲಿ ಇಟ್ಟಿರೋ ಹರಳು ಇಲ್ಲಿ ಜಲ್ಲಿಯಾಗಿ ರಸ್ತೆಗೆ ಹೋಗ್ತಿತ್ತು ಅನ್ನೋದು ಈಗಲೂ ಹೊಟ್ಟೆ ಉರಿಸುತ್ತೆ.

ಲ್ಯಾಬ್‌ನಲ್ಲಿ ನಮಗೆ ಅಷ್ಟು ವರ್ಷ ಕಾಯೋಕಾಗಲ್ಲ. ಸಿಲಿಕಾ, ಚೂರು ಅಲ್ಯೂಮಿನಿಯಂ ಲವಣ, ಸೋಡಿಯಂ ಹೈಡ್ರಾಕ್ಸೈಡ್, ನೀರು, ಜೊತೆಗೆ ಟೆಂಪ್ಲೇಟ್ ಅಂತ ಒಂದು ಸಾವಯವ ಲವಣ, ಎಲ್ಲಾ ಕಲಸಿದ್ರೆ ಗಂಜಿ ಥರ ಜೆಲ್ ಆಗುತ್ತೆ. ಅದನ್ನ ಒಳಗೆ ಟೆಫ್ಲಾನ್ ಇರೋ ಉಕ್ಕಿನ ಡಬ್ಬಿಗೆ ಸುರಿದು ಮುಚ್ಚಳ ಬಿಗಿದು 150ರಿಂದ 180 ಡಿಗ್ರಿ ಓವನ್‌ನಲ್ಲಿ ಇಡೋದು, ಆ ಡಬ್ಬಿಗೆ ಆಟೋಕ್ಲೇವ್ ಅಂತಾರೆ, ಗಟ್ಟಿ ಪ್ರೆಷರ್ ಕುಕ್ಕರ್ ಅಂದ್ಕೊಳ್ಳಿ ಆದ್ರೆ ಸೀಟಿ ಇಲ್ಲ. ಟೆಂಪ್ಲೇಟಿನ ಅಣುಗಳ ಸುತ್ತ ಗೂಡು ಬೆಳೆಯುತ್ತೆ, ಕೊನೆಗೆ ಗೂಡು ಕಟ್ಟಿತು ಅಂದ್ಮೇಲೆ 550 ಡಿಗ್ರಿಯಲ್ಲಿ ಸುಟ್ಟು ಟೆಂಪ್ಲೇಟನ್ನ ಹೊರಗೆ ಕಳಿಸ್ತೀವಿ, ಓಣಿಗಳು ಖಾಲಿಯಾಗ್ತವೆ.

ಇಲ್ಲಿ ಒಂದು ವಿಷಯ ಪುಸ್ತಕ ಓದಿದವರಿಗೆ ಬೇಗ ಹೊಳೆಯಲ್ಲ. ಜಿಯೋಲೈಟ್ ಕೊನೆಯ ನಿಲ್ದಾಣ ಅಲ್ಲ, ನಡುದಾರಿಯಲ್ಲಿ ಇಳಿಯೋ ಸ್ಟಾಪು. ಆ ಮಿಶ್ರಣಕ್ಕೆ ನಿಜವಾಗ್ಲೂ ಇಷ್ಟ ಇರೋದು ದಟ್ಟವಾದ, ಓಣಿ ಇಲ್ಲದ ಕ್ವಾರ್ಟ್ಜ್ ಥರದ ಕಲ್ಲಾಗೋಕೆ. ಜಾಸ್ತಿ ಹೊತ್ತು ಬಿಟ್ರೆ ಆಗಿದ್ದ ಜಿಯೋಲೈಟೇ ಮತ್ತೆ ಕರಗಿ ಅದರ ಕಡೆ ಹೊರಡುತ್ತೆ, ಬೇಗ ತೆಗೆದ್ರೆ ಇನ್ನೂ ಹರಳೇ ಕಟ್ಟಿರಲ್ಲ. ಉಂಡಿಗೆ ಬೆಲ್ಲದ ಪಾಕ ತೆಗೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಎಳೆ ಬರೋಕೆ ಮುಂಚೆ ಇಳಿಸಿದ್ರೆ ಉಂಡಿ ಕೂಡಲ್ಲ, ದಾಟಿದ್ರೆ ಹಲ್ಲಿಗೆ ಬರೋ ಕಲ್ಲು. ವ್ಯತ್ಯಾಸ ಏನಂದ್ರೆ ಪಾಕದಲ್ಲಿ ಬೆರಳಿಟ್ಟು ನೋಡಬಹುದು, ನಮ್ಮ ಡಬ್ಬಿ ಮುಚ್ಚಿರುತ್ತೆ. ಆರಿಸಿ, ತೆಗೆದು, ತೊಳೆದು, ಒಣಗಿಸಿ ಎಕ್ಸ್-ರೇಗೆ ಒಡ್ಡಿದ ಮೇಲಷ್ಟೇ ಗೊತ್ತಾಗೋದು. ಎಕ್ಸ್-ರೇ ಯಾವ ಕೋನಕ್ಕೆ ತಿರುಗ್ತು ಅಂತ ತೋರಿಸೋ ಗ್ರಾಫಿನಲ್ಲಿ 8 ಡಿಗ್ರಿ ಹತ್ತಿರ ಜೋಡಿ ಪೀಕು, 23ರಿಂದ 25ರ ನಡುವೆ ಒಂದಕ್ಕೊಂದು ಅಂಟಿ ನಿಂತ ಪೀಕುಗಳು ಕಂಡ್ರೆ ಝಡ್‌ಎಸ್‌ಎಂ-5 ಬಂತು ಅಂತ ಖುಷಿ. ಬರೀ ಅಗಲವಾದ ಗುಡ್ಡ ಕಂಡ್ರೆ ಹರಳಾಗಿಲ್ಲ. 26.6ರಲ್ಲಿ ಚೂಪಾಗಿ ಎದ್ದಿದ್ರೆ ಕ್ವಾರ್ಟ್ಜ್, ದಾಟಿ ಹೋಗಿದೆ.

ನನಗೆ ಒಂದು ವರ್ಷ ಪೂರ್ತಿ ಕಲಿಸಿದ್ದು ಮಳೆ. ಮಾರ್ಚಿನಲ್ಲಿ ಮೂರು ಸಲ ಮಾಡಿದಾಗ ಮೂರೂ ಸಲ ಚೊಕ್ಕ ಹರಳು ಕೊಟ್ಟ ರೆಸಿಪಿ ಜುಲೈನಲ್ಲಿ ಗುಡ್ಡ ತೋರಿಸ್ತು. ಓವನ್ ಚೆಕ್ ಮಾಡಿದೆ, ಡಬ್ಬಿ ಲೀಕ್ ಇದೆಯಾ ಅಂತ ಮುಂಚೆ ಮತ್ತು ಆಮೇಲೆ ತೂಕ ಮಾಡಿದೆ, ಸಿಲಿಕಾ ಹೊಸ ಬಾಟಲಿ ತರಿಸಿದೆ, ಎರಡು ತಿಂಗಳು ಹೋಯ್ತು, ರಾತ್ರಿ ನಿದ್ದೆ ಬರ್ತಿರಲಿಲ್ಲ. ಕೊನೆಗೆ ಕಾರಣ ಕಣ್ಣೆದುರಿಗೇ ಇತ್ತು, ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು. ಪುಣೆಯ ಮಳೆಗಾಲದ ಗಾಳಿಯಲ್ಲಿ ಬಾಟಲಿ ತೆಗೆದು ತೂಕ ಮಾಡೋಷ್ಟರಲ್ಲಿ ಅವು ನೀರು ಹೀರಿ ಜಿಗುಟಾಗ್ತವೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆಗೂ ಸೇರ್ತವೆ. ತಕ್ಕಡಿ 2 ಗ್ರಾಂ ಅಂದಾಗ ಅದರಲ್ಲಿ ನಿಜವಾದ ಕ್ಷಾರ ಅಷ್ಟಿರಲಿಲ್ಲ, ಕ್ಷಾರ ಕಡಿಮೆಯಾದ್ರೆ ಸಿಲಿಕಾ ನಿಧಾನ ಕರಗುತ್ತೆ, ಮೂರು ದಿನ ಸಾಲಲ್ಲ. ಅವತ್ತಿಂದ ದ್ರಾವಣ ಮಾಡಿಟ್ಟು ಅದರ ಶಕ್ತಿ ಅಳೆದು ಬಳಸೋಕೆ ಶುರು ಮಾಡಿದೆ, ನೋಟ್‌ಬುಕ್ಕಿನಲ್ಲಿ ಹವಾಮಾನಕ್ಕೆ ಒಂದು ಕಾಲಂ ಹಾಕಿದೆ.

ಇಂಥದ್ದನ್ನ ಯಾರೂ ಪೇಪರಿನಲ್ಲಿ ಬರೆಯಲ್ಲ, ಬರೀಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಅಂತರರಾಷ್ಟ್ರೀಯ ಜಿಯೋಲೈಟ್ ಸಂಘದವರು ರೆಸಿಪಿಗಳ ಒಂದು ಸಂಗ್ರಹ ಮಾಡಿದಾರೆ, ಬೇರೆ ಲ್ಯಾಬಿನವರು ಮಾಡಿ ನೋಡಿ ಬಂತು ಅಂದ್ಮೇಲಷ್ಟೇ ಅದರೊಳಗೆ ಸೇರಿಸ್ತಾರೆ. ಈ ಕ್ಷೇತ್ರದಲ್ಲಿ ಆದ ಒಳ್ಳೇ ಕೆಲಸಗಳಲ್ಲಿ ಅದೂ ಒಂದು.

ಹೊತ್ತು ಉಳಿಸೋಕೂ ದಾರಿಗಳಿವೆ. ಹಳೇ ಬ್ಯಾಚಿನ ಹರಳನ್ನ ಚಿಟಿಕೆಯಷ್ಟು ಹೊಸ ಜೆಲ್‌ಗೆ ಹಾಕಿದ್ರೆ ಬೇಗ ಹರಳಾಗುತ್ತೆ, ನಾವದಕ್ಕೆ ಸೀಡ್ ಅಂತೀವಿ, ಅವ್ವ ಕೇಳಿದ ತಕ್ಷಣ "ಹೆಪ್ಪ" ಅಂದ್ಲು. 1996ರಲ್ಲಿ ಇಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ, ಅಂದ್ರೆ ಎನ್‌ಸಿಎಲ್‌ನ, ರಾಜೀವ್ ಕುಮಾರ್ ಮತ್ತವರ ಜೊತೆಗಾರರು ಫಾಸ್ಫೇಟ್‌ನಂಥ ಅಯಾನುಗಳನ್ನ ಸ್ವಲ್ಪವೇ ಸೇರಿಸಿದ್ರೂ ಹರಳು ಕಟ್ಟೋ ವೇಗ ಚೆನ್ನಾಗಿ ಏರುತ್ತೆ ಅಂತ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ರು. ಆ ಪೇಪರಿನ ಜೆರಾಕ್ಸ್ ಓದಿದ ದಿನ ಇದೇ ಊರಲ್ಲಿ ಆದದ್ದು ಅನ್ನೋ ಹೆಮ್ಮೆಗೆ ನನಗೆ ಊಟ ಸೇರಲಿಲ್ಲ.

ಇಷ್ಟೆಲ್ಲಾ ಯಾಕೆ ಅಂದ್ರೆ ಆ ಓಣಿಗಳಿಗೆ. ಗೂಡಿನಲ್ಲಿ ಸಿಲಿಕಾನ್ ಜಾಗಕ್ಕೆ ಅಲ್ಯೂಮಿನಿಯಂ ಬಂದು ಕೂತಲ್ಲೆಲ್ಲ ಒಂದು ಋಣ ಚಾರ್ಜ್ ಉಳಿಯುತ್ತೆ, ಅದನ್ನ ಸರಿದೂಗಿಸೋಕೆ ಹೈಡ್ರೋಜನ್ ಅಯಾನ್ ಕೂರಿಸಿದ್ರೆ ಅಲ್ಲೊಂದು ಬಲವಾದ ಆಮ್ಲ ಹುಟ್ಟುತ್ತೆ. ಆಮ್ಲ ಇರೋದು ಓಣಿಯೊಳಗೆ, ಹಾಗಾಗಿ ಓಣಿಗೆ ಹೊಂದೋ ಅಣುಗಳಷ್ಟೇ ಸಲೀಸು. ಟಾಲ್ಯೂಯೀನ್ ಅನ್ನೋ ದ್ರವಕ್ಕೆ ಮೆಥನಾಲ್ ಸೇರಿಸಿದ್ರೆ ಝೈಲೀನ್ ಆಗುತ್ತೆ, ಅದರಲ್ಲಿ ಮೂರು ರೂಪ, ಸುಮ್ಮನೆ ಬಿಟ್ರೆ ಪ್ಯಾರಾ ಅನ್ನೋದು ನೂರಕ್ಕೆ 24ರಷ್ಟೇ. ಹದ ಮಾಡಿದ ಝಡ್‌ಎಸ್‌ಎಂ-5ನಲ್ಲಿ ಅದರ ಪಾಲು 90 ದಾಟುತ್ತೆ, ಯಾಕಂದ್ರೆ ಪ್ಯಾರಾ ತೆಳ್ಳಗೆ ನೆಟ್ಟಗಿರೋ ಅಣು, ಸರಕ್ಕನೆ ಹೊರಗೆ ಬರುತ್ತೆ, ಉಳಿದೆರಡು ಒಳಗೇ ಸಿಕ್ಕಿ ತಿರುಗಿ ತಿರುಗಿ ಪ್ಯಾರಾ ಆಗಿ ಹೊರಡ್ತವೆ. ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಬಾಟಲಿಗೂ ಬೇಕಾದ್ದು ಇದೇ ಪ್ಯಾರಾ. ನಾನು ಬರೋಕೆ ಮುಂಚೆಯೇ, 1980ರ ದಶಕದಲ್ಲಿ, ಎನ್‌ಸಿಎಲ್‌ನವರು ಇಂಥ ಕ್ಯಾಟಲಿಸ್ಟನ್ನ, ಅಂದ್ರೆ ತಾನು ಖರ್ಚಾಗದೆ ಕ್ರಿಯೆಗೆ ವೇಗ ಕೊಡೋ ವಸ್ತುವನ್ನ, ಬರೋಡಾದ ಕಾರ್ಖಾನೆ ತನಕ ಒಯ್ದಿದ್ರು. ಅದರ ಹೆಸರು ಎನ್ಸಿಲೈಟ್, ಜೋರಾಗಿ ಓದಿದ್ರೆ ಹೆಸರು ಎಲ್ಲಿಂದ ಬಂತು ಅಂತ ಕೇಳಿಸುತ್ತೆ.

2021ರ ಏಪ್ರಿಲ್‌ನಲ್ಲಿ ಅಪ್ಪ ಪುಣೆಯ ನಮ್ಮ ಮನೇಲೇ ಇದ್ರು, ಕೋವಿಡ್, ಆಸ್ಪತ್ರೇಲಿ ಹಾಸಿಗೆ ಇಲ್ಲ, ಹೇಗೋ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ಸಿಕ್ತು. ಆ ಪೆಟ್ಟಿಗೆಯೊಳಗೂ ಇರೋದು ಜಿಯೋಲೈಟೇ, ಎರಡು ಕೊಳವೆ ತುಂಬಾ. ಗಾಳಿಯಲ್ಲಿ 78 ಪಾಲು ನೈಟ್ರೋಜನ್, ಅದನ್ನ ಓಣಿಯೊಳಗಿನ ಲೋಹದ ಅಯಾನುಗಳು ಆಕ್ಸಿಜನ್‌ಗಿಂತ ಬಿಗಿಯಾಗಿ ಹಿಡಿದುಕೊಳ್ತವೆ, ಆಕ್ಸಿಜನ್ ಮುಂದೆ ಹೋಗುತ್ತೆ. ಒಂದು ಕೊಳವೆ ತುಂಬಿದಾಗ ಒತ್ತಡ ಇಳಿಸಿ ನೈಟ್ರೋಜನ್ ಹೊರಗೆ ಬಿಡುತ್ತೆ, ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡ್ತಿರುತ್ತೆ, ಕೆಲವು ಸೆಕೆಂಡಿಗೊಮ್ಮೆ ಟಕ್, ಬುಸ್ಸ್ ಅಂತ ಸದ್ದು. ಅವ್ವ ಹನ್ನೊಂದು ರಾತ್ರಿ ಅದರ ಪಕ್ಕ ಕೂತ್ಲು. ನೀರಿನ ಆವಿ ಒಳಗೆ ಹೋದ್ರೆ ಆ ಜಿಯೋಲೈಟ್ ಕೆಡುತ್ತೆ ಅಂತ ನಾನು ಹೇಳಿದ್ದಕ್ಕೆ ಅಷ್ಟೂ ದಿನ ಆ ಕೋಣೆ ಹತ್ತಿರ ಒದ್ದೆ ಬಟ್ಟೆ ಒಣಹಾಕೋಕೆ ಯಾರನ್ನೂ ಬಿಡಲಿಲ್ಲ.