ಮಂಜಿನಲ್ಲಿ ರನ್‌ವೇ ಎಷ್ಟು ಕಾಣಬೇಕು?

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ದೇವನಹಳ್ಳಿಯ ಬಯಲಿನಲ್ಲಿ ಬೆಳಗಿನ ಜಾವ ಮಂಜು ಕವಿಯುವುದು ಹೊಸದೇನಲ್ಲ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಅಲ್ಲಿನ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿರುವ ತೇವದ ಗಾಳಿಯೂ ಅದರೊಂದಿಗೆ ತಣಿದು ಹನಿಗಟ್ಟುತ್ತದೆ. ಮರುದಿನ ಕೆಲವು ವಿಮಾನಗಳು ಚೆನ್ನೈಗೋ ಹೈದರಾಬಾದಿಗೋ ತಿರುಗಿದ ಸುದ್ದಿ ಬರುತ್ತದೆ. ಉಪಕರಣಗಳೇ ವಿಮಾನವನ್ನು ರನ್‌ವೇವರೆಗೆ ಕರೆತರುವ ಈ ಕಾಲದಲ್ಲಿ ಪೈಲಟ್‌ನ ಕಣ್ಣಿಗೆ ಇನ್ನೂ ಏನು ಕೆಲಸ ಎಂದು ಪ್ರಯಾಣಿಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಕರೆತರುವ ವ್ಯವಸ್ಥೆಯ ಹೆಸರು ಐಎಲ್‌ಎಸ್, ಅಂದರೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್. ರನ್‌ವೇಯ ಆಚೆ ತುದಿಯಲ್ಲಿರುವ ಲೋಕಲೈಜರ್ ಎಡ–ಬಲದ ದಾರಿಯನ್ನು ತೋರಿಸಿದರೆ, ಪಕ್ಕದಲ್ಲಿರುವ ಗ್ಲೈಡ್ ಸ್ಲೋಪ್ ಸಾಮಾನ್ಯವಾಗಿ 3 ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ. ಎರಡೂ ರೇಡಿಯೊ ಅಲೆಗಳ ಮೇಲೆ 90 ಮತ್ತು 150 ಹರ್ಟ್ಸ್‌ನ ಎರಡು ಸಂಕೇತಗಳನ್ನು ಹೊತ್ತಿರುತ್ತವೆ; ಇವೆರಡೂ ಸಮನಾಗಿ ಸಿಕ್ಕುವ ಜಾಗವೇ ಸರಿಯಾದ ದಾರಿ. ಮೊದಲನೆಯ ದರ್ಜೆಯ, ಅಂದರೆ ಕ್ಯಾಟ್-1 ಇಳಿಕೆಯಲ್ಲಿ, ಈ ದಾರಿಯನ್ನು ನಂಬಿ ನೆಲದಿಂದ 200 ಅಡಿ ಎತ್ತರದವರೆಗೆ ಬರಬಹುದು. ಅದು ನಿರ್ಧಾರದ ಎತ್ತರ: ಇಳಿಯುವುದೋ ಮತ್ತೆ ಮೇಲೇರುವುದೋ ಎಂದು ಪೈಲಟ್ ತೀರ್ಮಾನಿಸಬೇಕಾದ ಜಾಗ. ರನ್‌ವೇ ಮೇಲಿನ ಗೋಚರತೆ ಕನಿಷ್ಠ 550 ಮೀಟರ್ ಇರಬೇಕೆಂಬುದು ಇದರ ಜೋಡಿ ನಿಯಮ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ ವಿಚಿತ್ರವೊಂದು ಹೊರಬೀಳುತ್ತದೆ. 3 ಡಿಗ್ರಿಯ ಇಳಿಜಾರಿನಲ್ಲಿ 200 ಅಡಿ ಎತ್ತರದಲ್ಲಿರುವ ವಿಮಾನಕ್ಕೆ ರನ್‌ವೇಯ ಅಂಚು ಇನ್ನೂ ಸುಮಾರು 850 ಮೀಟರ್ ದೂರವಿರುತ್ತದೆ. ಕಾಣುವುದು 550 ಮೀಟರ್ ಮಾತ್ರ ಎಂದಾದರೆ, ನಿರ್ಧಾರ ಮಾಡಬೇಕಾದ ಕ್ಷಣದಲ್ಲಿ ರನ್‌ವೇ ಕಣ್ಣಿಗೆ ಬೀಳುವುದೇ ಇಲ್ಲ! ಕಾಣುವುದು ರನ್‌ವೇಗೂ ಮುಂಚೆ 900 ಮೀಟರ್‌ವರೆಗೆ ಚಾಚಿಕೊಂಡಿರುವ ದೀಪಗಳ ಸಾಲು. ಅದರಲ್ಲೂ ವಿಮಾನದ ಮೂತಿ ಮರೆಮಾಡುವ 200 ಮೀಟರ್‌ಗೂ ಹೆಚ್ಚಿನ ಭಾಗವನ್ನು ಕಳೆದರೆ ಉಳಿಯುವುದು ಸುಮಾರು 300 ಮೀಟರ್. 30 ಮೀಟರ್‌ಗೊಂದು ಸಾಲಿನ ಲೆಕ್ಕದಲ್ಲಿ ಹತ್ತು ಸಾಲು ದೀಪಗಳು. ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಅವು ನಾಲ್ಕೈದು ಸೆಕೆಂಡುಗಳಲ್ಲಿ ಹಿಂದಕ್ಕೆ ಸರಿದುಹೋಗುತ್ತವೆ. ವಿಮಾನ ದೀಪಗಳ ನಡುರೇಖೆಯ ಮೇಲಿದೆಯೇ, ರೆಕ್ಕೆಗಳು ಮಟ್ಟವಾಗಿವೆಯೇ, ಪಕ್ಕಕ್ಕೆ ಜಾರುತ್ತಿದೆಯೇ ಎಂಬುದನ್ನು ಈ ಹತ್ತು ಸಾಲುಗಳಿಂದಲೇ ತಿಳಿಯಬೇಕು. ಏನೂ ಕಾಣದಿದ್ದರೆ ಚರ್ಚೆಯಿಲ್ಲ, ಎಂಜಿನ್‌ಗಳಿಗೆ ಪೂರ್ಣ ಬಲ ಕೊಟ್ಟು ಮೇಲೇರಬೇಕು. ಅಮೆರಿಕದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೀ ಈ ದೀಪಗಳ ಆಧಾರದ ಮೇಲೆ 100 ಅಡಿಗಿಂತ ಕೆಳಗಿಳಿಯುವಂತಿಲ್ಲ ಎನ್ನುತ್ತದೆ. ಮುಂದುವರಿಯಲು ರನ್‌ವೇಯ ಗುರುತುಗಳೋ ಸಮೀಪದ ಕೆಂಪು ದೀಪಪಟ್ಟಿಗಳೋ ಸ್ಪಷ್ಟವಾಗಿ ಕಾಣಬೇಕು.

ಆ 550 ಮೀಟರ್ ಅನ್ನು ಅಳೆಯುವವನು ಪೈಲಟ್ ಅಲ್ಲ. ರನ್‌ವೇ ಬದಿಯಲ್ಲಿ ನಿಲ್ಲಿಸಿರುವ ಉಪಕರಣಗಳು ಮಂಜಿನಲ್ಲಿ ಬೆಳಕು ಎಷ್ಟು ಕುಂದುತ್ತದೆ ಅಥವಾ ಚದುರುತ್ತದೆ ಎಂಬುದನ್ನು ಅಳೆದು, ರನ್‌ವೇ ದೀಪಗಳ ಪ್ರಖರತೆಯನ್ನೂ ಗಣನೆಗೆ ತೆಗೆದುಕೊಂಡು, ಆರ್‌ವಿಆರ್ (ರನ್‌ವೇ ವಿಶುವಲ್ ರೇಂಜ್, ಅಂದರೆ ರನ್‌ವೇ ಮೇಲಿನ ಗೋಚರತೆ) ಎಂಬ ಸಂಖ್ಯೆಯನ್ನು ಕೊಡುತ್ತವೆ. ವಿಮಾನ 1,000 ಅಡಿಗೆ ಇಳಿಯುವ ಮುನ್ನ ಈ ಸಂಖ್ಯೆ ಮಿತಿಗಿಂತ ಕಡಿಮೆಯಿದ್ದರೆ ಮುಂದುವರಿಯುವಂತೆಯೇ ಇಲ್ಲ. ಅದನ್ನು ದಾಟಿದ ಮೇಲೆ ಕುಸಿದರೆ ನಿರ್ಧಾರದ ಎತ್ತರದವರೆಗೆ ಬಂದು ನೋಡಬಹುದು. ಪ್ರಯತ್ನಿಸಬಹುದೇ ಎಂಬುದನ್ನು ಉಪಕರಣ ಹೇಳುತ್ತದೆ, ಇಳಿಯಬಹುದೇ ಎಂಬುದನ್ನು ಪೈಲಟ್‌ನ ಕಣ್ಣು. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಜಾಣತನವಿರುವುದೇ ಈ ವಿಂಗಡಣೆಯಲ್ಲಿ, ಏಕೆಂದರೆ ಎರಡೂ ಒಂದನ್ನೊಂದು ಸುಳ್ಳಾಗಿಸಬಲ್ಲವು. ಹಾಲಿನ ಮೇಲಿನ ಕೆನೆಯಂತೆ ತೆಳುವಾಗಿ ಹರಡಿದ ಮಂಜಿನ ಮೂಲಕ ಮೇಲಿನಿಂದ ನೋಡಿದರೆ ರನ್‌ವೇ ನಿಚ್ಚಳವಾಗಿ ಕಾಣುತ್ತದೆ. ಅದರೊಳಗೆ ಇಳಿದ ಕೂಡಲೇ ನೋಟ ಮಂಜಿನ ಉದ್ದಕ್ಕೂ ಸಾಗಬೇಕಾಗುವುದರಿಂದ ಎಲ್ಲವೂ ಮಾಯವಾಗುತ್ತದೆ. ವಿಮಾನದ ಮೂತಿ ಮೇಲೆದ್ದಿದೆಯೆಂಬ ಭ್ರಮೆ ಹುಟ್ಟುವುದೂ ಇಲ್ಲೇ. ಅದನ್ನು ನಂಬಿ ಮೂತಿ ತಗ್ಗಿಸಿದರೆ ಅಪಾಯ.

ಇದಕ್ಕೂ ಕಡಿಮೆ ಗೋಚರತೆಯಲ್ಲಿ ಕಣ್ಣಿನ ಪಾಲನ್ನು ಕಡಿಮೆ ಮಾಡಿ ಯಂತ್ರದ ಪಾಲನ್ನು ಹೆಚ್ಚಿಸಬೇಕಾಗುತ್ತದೆ. ಕ್ಯಾಟ್-2ರಲ್ಲಿ ನಿರ್ಧಾರದ ಎತ್ತರ 100 ಅಡಿಯವರೆಗೆ, ಗೋಚರತೆ 300 ಮೀಟರ್‌ವರೆಗೆ ಇಳಿಯುತ್ತದೆ. ಕ್ಯಾಟ್-3ರಲ್ಲಿ ನೆಲ ಮುಟ್ಟಿಸುವುದು ಆಟೊಪೈಲಟ್. 1965ರ ಜೂನ್ 10ರಂದು ಪ್ಯಾರಿಸ್‌ನಿಂದ ಬಂದ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನ ಪ್ರಯಾಣಿಕರೊಂದಿಗೆ ಲಂಡನ್ನಿನ ಹೀಥ್ರೂನಲ್ಲಿ ಹೀಗೆ ತಾನೇ ನೆಲ ಮುಟ್ಟಿತು. ಆದರೆ ಆಟೊಪೈಲಟ್ ಇದ್ದರಷ್ಟೇ ಸಾಲದು: ನಿಲ್ದಾಣ, ವಿಮಾನ, ಪೈಲಟ್‌ಗಳು ಮೂವರಿಗೂ ಆ ದರ್ಜೆಯ ಅರ್ಹತೆ ಇರಬೇಕು, ಮತ್ತು ಮೂವರಲ್ಲಿ ಅತಿ ಕೆಳಗಿನ ದರ್ಜೆಯೇ ಅಂತಿಮ. ಒಂದೇ ಬೆಳಗ್ಗೆ ಒಂದು ವಿಮಾನ ಇಳಿದು ಅದರ ಹಿಂದಿನದು ತಿರುಗಿ ಹೋಗುವುದಕ್ಕೆ ಇದೂ ಒಂದು ಕಾರಣ. ನೆಲದ ಮೇಲೆ ಓಡಾಡುವ ವಿಮಾನಗಳ ಲೋಹದ ಮೈ ಐಎಲ್‌ಎಸ್ ಸಂಕೇತವನ್ನು ಕದಡಬಹುದಾದ್ದರಿಂದ ಅವನ್ನು ರನ್‌ವೇಯಿಂದ ಇನ್ನಷ್ಟು ದೂರ ನಿಲ್ಲಿಸಬೇಕು; ಆಗ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆಯೂ ಇಳಿಯುತ್ತದೆ.

ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ತೆರೆದ ದಕ್ಷಿಣ ರನ್‌ವೇ ಮುಂದೆ ಕ್ಯಾಟ್-3ರ ಒಳದರ್ಜೆಗಳಲ್ಲೊಂದಾದ ಕ್ಯಾಟ್-3ಬಿ ದರ್ಜೆ ಪಡೆಯಿತು. ಮೊದಲು ಇಳಿಯಲು 550, ಏರಲು 300 ಮೀಟರ್ ಗೋಚರತೆ ಬೇಕಿದ್ದಲ್ಲಿ ಈಗ 50 ಮೀಟರ್‌ನಲ್ಲಿ ಇಳಿಯಬಹುದು, 125 ಮೀಟರ್‌ನಲ್ಲಿ ಏರಬಹುದು. ಕ್ರಮ ತಲೆಕೆಳಗಾಗಿರುವುದನ್ನು ಗಮನಿಸಿ: ಇಳಿಸುವುದು ಯಂತ್ರ, ಏರಿಸುವಾಗ ರನ್‌ವೇಯ ನಡುಗೆರೆಯನ್ನು ನೋಡುತ್ತ ಓಡಿಸುವುದು ಪೈಲಟ್. ಆದ್ದರಿಂದ 75 ಮೀಟರ್ ಗೋಚರತೆಯಲ್ಲಿ ಸರಾಗವಾಗಿ ಬಂದಿಳಿದ ವಿಮಾನ, ಮಂಜು ಇನ್ನಷ್ಟು ಕರಗುವವರೆಗೆ ಮತ್ತೆ ಹೊರಡುವಂತಿಲ್ಲ.