ಕಾಲುದಾರಿಯ ಅಂಚಿನಲ್ಲಿ ಗಿಡ ಎಣಿಸುವಾಗ

ಪರ್ವತದ ಮೀಸಲು ಪ್ರದೇಶದಲ್ಲಿ ಪ್ರವಾಸಿಗರ ದಾರಿಯ ಅಂಚಿಗೆ ಒಂದು ಮೀಟರ್ ಕ್ವಾಡ್ರಾಟ್ (ಎಣಿಸುವ ಜಾಗ ಗುರುತಿಸುವ ಚೌಕಟ್ಟು) ಇಟ್ಟು ಗಿಡ ಎಣಿಸಿ. ಆಮೇಲೆ 20 ಮೀಟರ್ ಒಳಗೆ ಹೋಗಿ ಇನ್ನೊಮ್ಮೆ ಎಣಿಸಿ. ಎಷ್ಟೋ ಸಲ ಅಂಚಿನಲ್ಲೇ ಜಾಸ್ತಿ ಜಾತಿಗಳು ಸಿಗುತ್ತವೆ. ಹಾಗಾದರೆ ಪ್ರವಾಸದಿಂದ ವೈವಿಧ್ಯ ಹೆಚ್ಚಿತು ಅಂತ ಬರೆಯಬಹುದಾ?

ಬೇಡ. ಅಂಚಿಗೆ ಬಂದು ಸೇರಿಕೊಳ್ಳುವುದು ಬಹುಪಾಲು ಎಲ್ಲೆಂದರಲ್ಲಿ ಬೆಳೆಯುವ ಕಳೆಗಳು. ಪ್ಲಾಂಟಾಗೊ ಮೇಜರ್ ಎಂಬ ಕಳೆಯ ಬೀಜವನ್ನೇ ನೋಡಿ: ಒದ್ದೆಯಾದರೆ ಅಂಟಂಟಾಗುತ್ತದೆ, ಶೂಗೆ ಮೆತ್ತಿಕೊಂಡು ಬೆಟ್ಟ ಹತ್ತುತ್ತದೆ. ವೈವಿಧ್ಯ ಅಳೆಯಲು ಬಳಸುವ ಶಾನನ್ ಸೂಚ್ಯಂಕಕ್ಕೆ ಕಳೆಯೂ ಒಂದೇ, ಆ ಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಗಿಡವೂ ಒಂದೇ. ಎಷ್ಟು ಜಾತಿ ಎನ್ನುವುದರ ಪಕ್ಕದಲ್ಲಿ ಯಾವ ಜಾತಿ ಎಂದೂ ಬರೆದುಕೊಳ್ಳಿ.

ತುಳಿತ ಎಲ್ಲ ಗಿಡಗಳಿಗೂ ಒಂದೇ ಥರ ತಟ್ಟುವುದಿಲ್ಲ. ಹುಲ್ಲಿನ ಬೆಳೆಯುವ ಭಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಎಲೆ ಜಜ್ಜಿದರೂ ಮತ್ತೆ ಚಿಗುರುತ್ತದೆ. ಕುಳ್ಳ ಪೊದೆಯ ಕಡ್ಡಿ ಮುರಿದರೆ ಸುಧಾರಿಸಲು ವರ್ಷಗಳೇ ಬೇಕು. ಎತ್ತರದಲ್ಲಿ ಬೆಳೆಯುವ ಕಾಲವೇ ಚಿಕ್ಕದು ಅಲ್ವಾ.

ಎಲ್ಲರೂ ಎಡವುವುದು ಮುಂದಿನ ಮಾತಿನಲ್ಲಿ. ಜನ ಇಮ್ಮಡಿಯಾದರೆ ಹಾನಿಯೂ ಇಮ್ಮಡಿ ಎಂದುಕೊಳ್ಳುತ್ತೇವೆ. ನಿಜದಲ್ಲಿ ಹೆಚ್ಚಿನ ಗಿಡಗಳು ಮೊದಮೊದಲ ಓಡಾಟದಲ್ಲೇ ಹೋಗಿಬಿಡುತ್ತವೆ. ಆಮೇಲೆ ಹಾಳಾಗಲು ಉಳಿಯುವುದೇ ಕಡಿಮೆ. ಆದ್ದರಿಂದ ಜನ ಜಾಸ್ತಿ ಬರುವ ಕಡೆ 'ಚದುರಿ ನಡೆಯಿರಿ' ಎನ್ನುವುದು ಕೆಟ್ಟ ಸಲಹೆ. ಎಲ್ಲರನ್ನೂ ಒಂದೇ ದಾರಿಯಲ್ಲಿ ನಡೆಸಬೇಕು. ಆ ದಾರಿ ಯಾವುದರ ಮೇಲೆ ಹಾಯುತ್ತದೆ ಎನ್ನುವುದನ್ನು ಮಾತ್ರ ಮೊದಲೇ ನೋಡಬೇಕು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ ಇದನ್ನು ನೋಡದೆ ಕೆಟ್ಟಿತ್ತು. ರಾಬಿನ್ಸ್ ಸಿಂಕ್‌ಫಾಯ್ಲ್ ಅಲ್ಲಿನ ಹಳದಿ ಹೂವಿನ ಪುಟಾಣಿ ಗಿಡ. ಕಾಲಡಿ ಸಿಕ್ಕರೂ ಗೊತ್ತಾಗದಷ್ಟು ಚಿಕ್ಕದು. ಅದರ ಮುಖ್ಯ ನೆಲೆಯ ನಡುವೆಯೇ ಅಪಲಾಚಿಯನ್ ಟ್ರೇಲ್ ಎಂಬ ಉದ್ದದ ಚಾರಣ ದಾರಿ ಹಾದುಹೋಗಿತ್ತು. ಹರ್ಬೇರಿಯಂಗೆಂದು, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆಂದು, ಕಿತ್ತೊಯ್ದವರೂ ಕಮ್ಮಿಯಿರಲಿಲ್ಲ (ಅವರು ನಮ್ಮ ಹಾಗೆ ಗಿಡ ಅಧ್ಯಯನ ಮಾಡುವವರೇ!). 1980ರಲ್ಲಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು. 1983ರಲ್ಲಿ ದಾರಿಯನ್ನು ಬೇರೆ ಕಡೆಗೆ ತಿರುಗಿಸಿದರು, ನೆಲೆಗೆ ಕಲ್ಲಿನ ತಡೆ ಕಟ್ಟಿದರು. ಬೇರೆ ಜಾಗಗಳಲ್ಲಿ ಸಸಿಗಳನ್ನೂ ನೆಟ್ಟರು. 2002ರಲ್ಲಿ ಪಟ್ಟಿಯಿಂದ ಹೊರಬಂದಾಗ ಮುಖ್ಯ ನೆಲೆಯೊಂದರಲ್ಲೇ 14,000ಕ್ಕೂ ಹೆಚ್ಚು ಗಿಡಗಳಿದ್ದವು.

ಹಾಗಂತ ದಾರಿ ಮುಚ್ಚಿದ ಕಡೆಯೆಲ್ಲ ಗಿಡ ಮರಳಿ ಬರುತ್ತದೆ ಎಂದಲ್ಲ. ತುಳಿದು ಗಟ್ಟಿಯಾದ ಮಣ್ಣಿಗೆ ನೀರು ಇಂಗುವುದಿಲ್ಲ. ಮೇಲೆಯೇ ಹರಿದು ಮಣ್ಣನ್ನೂ ಹೊತ್ತೊಯ್ಯುತ್ತದೆ. ಮಣ್ಣೇ ಹೋದ ಮೇಲೆ ಬೀಜ ಎಲ್ಲಿ ಊರಬೇಕು? ನಿಮ್ಮ ಹಾಳೆಯಲ್ಲಿ ಬರಿ ನೆಲ ಎಷ್ಟು ಪಾಲು, ಮಣ್ಣು ಎಷ್ಟು ಆಳ ಎನ್ನುವುದಕ್ಕೂ ಒಂದೊಂದು ಕಾಲಂ ಬಿಟ್ಟುಕೊಳ್ಳಿ.