ಥಿಯೇಟರ್ ಆರ್ಗನ್: ಮೂಕ ಸ್ವರ ಯಾಕೆ, ನಿಲ್ಲದ ಸ್ವರ ಯಾಕೆ

ಥಿಯೇಟರ್ ಆರ್ಗನ್ ಎಂದರೆ ಚಿತ್ರಮಂದಿರಕ್ಕೆಂದು ಮಾಡಿದ, ಗಾಳಿಯಿಂದ ಕೊಳವೆಗಳನ್ನು ನುಡಿಸುವ ಕೀಲಿಮಣೆ ವಾದ್ಯ. ಅದನ್ನು ಬಿಚ್ಚಿ ಬೇರೆಡೆ ಕೂರಿಸುವವರಿಗೆ ಈ ಟಿಪ್ಪಣಿ. ಉದಾಹರಣೆಗೆ ಲಂಡನ್ನಿನ ಒಂದು ವುರ್ಲಿಟ್ಜರ್ (ತಯಾರಕ ಕಂಪನಿಯ ಹೆಸರು). 1930ರಲ್ಲಿ ಎಲಿಫೆಂಟ್ ಅಂಡ್ ಕ್ಯಾಸಲ್‌ನ ಟ್ರೊಕಡೆರೊ ಚಿತ್ರಮಂದಿರಕ್ಕೆ ಬಂದದ್ದು, ಈಗ ಲೈಮ್‌ಹೌಸಿನ ಟ್ರಾಕ್ಸಿ ಸಭಾಂಗಣದಲ್ಲಿದೆ. 4 ಕೀಲಿಮಣೆ, 21 ಸಾಲು ಕೊಳವೆ (ಒಂದು ಸಾಲೆಂದರೆ ಒಂದೇ ಬಗೆಯ ಧ್ವನಿಯ, ಬೇರೆ ಬೇರೆ ಸ್ವರದ ಕೊಳವೆಗಳು).

ಬಿಚ್ಚುವ ಮುನ್ನ

ಪ್ರತಿ ರೆಗ್ಯುಲೇಟರಿನ (ಗಾಳಿಯೊತ್ತಡವನ್ನು ಸಮವಾಗಿಡುವ ಸಾಧನ) ಒತ್ತಡ ಅಳೆದು ಬರೆದಿಡಿ. ಅಳತೆ ನೀರಿನ ಮಟ್ಟದ ವ್ಯತ್ಯಾಸದಲ್ಲಿ, ಇಂಚಿನ ಲೆಕ್ಕ. ವುರ್ಲಿಟ್ಜರಿನಲ್ಲಿ ಬಹುತೇಕ ಸಾಲುಗಳಿಗೆ 10 ಇಂಚು, ಟ್ಯೂಬಾದಂಥ ಜೋರು ದನಿಯ ಸಾಲುಗಳಿಗೆ 15. ನೀರಿನ ಯು-ನಳಿಕೆಯಲ್ಲಿ ಒಂದು ಕಡೆ 5 ಇಂಚು ಏರಿದರೆ ಇನ್ನೊಂದು ಕಡೆ 5 ಇಳಿದಿರುತ್ತದೆ, ಲೆಕ್ಕ 10. ಏರಿದ್ದನ್ನಷ್ಟೇ ಬರೆದುಕೊಂಡರೆ ಹೊಸ ಜಾಗದಲ್ಲಿ ಅರ್ಧ ಒತ್ತಡ ಕೊಟ್ಟು, ಕೊಳವೆ ಕೆಟ್ಟಿದೆಯೆಂದು ಅದರ ಬಾಯಿ (ದನಿ ಹುಟ್ಟುವ ಸೀಳು) ತಿದ್ದಲು ಕೂರುತ್ತೀರಿ. ತಿದ್ದಿದ ಬಾಯಿ ಮತ್ತೆ ಮೊದಲಿನಂತಾಗದು.

ಸೀಸ-ತವರದ ಕೊಳವೆಯನ್ನು ಬಾಯಿಯ ಬಳಿ ಹಿಡಿದು ಎತ್ತಬೇಡಿ, ಅಲ್ಲೇ ಮಡಚಿಕೊಳ್ಳುತ್ತದೆ.

ಪುಟ್ಟ ತಿದಿ

ಹಾರ್ಮೋನಿಯಂ ಬಲ್ಲವರಿಗೆ ತಲೆ ಕೆಡುವುದು ಇಲ್ಲೇ. ಅಲ್ಲಿ ತಿದಿ ಗಾಳಿ ಊದಿ ಕೆಲಸ ಮಾಡುತ್ತದೆ. ಇಲ್ಲಿನದು ಗಾಳಿ ಕಳೆದುಕೊಂಡು.

ಪ್ರತಿ ಕೊಳವೆಯ ಕೆಳಗೆ, ಗಾಳಿಪೆಟ್ಟಿಗೆಯೊಳಗೆ, ಚರ್ಮದ ಪುಟ್ಟ ತಿದಿ. ಪೆಟ್ಟಿಗೆಯಲ್ಲೂ ತಿದಿಯೊಳಗೂ ಒತ್ತಡ ಒಂದೇ, ಹಾಗಾಗಿ ಅಲುಗಾಟವಿಲ್ಲ. ಸ್ಪ್ರಿಂಗ್ ಕವಾಟವನ್ನು ಮುಚ್ಚಿ ಹಿಡಿದಿರುತ್ತದೆ. ಕೀಲಿ ಒತ್ತಿದಾಗ ವಿದ್ಯುತ್ಕಾಂತ ಸಣ್ಣ ಬಿಲ್ಲೆಯನ್ನು ಎಳೆಯುತ್ತದೆ, ತಿದಿಯ ಗಾಳಿ ಹೊರಹೋಗುತ್ತದೆ. ಆಗ ಸುತ್ತಲಿನ ಗಾಳಿಯೇ ತಿದಿಯನ್ನು ಹಿಂಡಿ ಕವಾಟ ಎಳೆಯುತ್ತದೆ. ಕಾಂತಕ್ಕೂ ಈ ತಿದಿಗೂ ನಡುವೆ ಇನ್ನೂ ಚಿಕ್ಕದೊಂದು ತಿದಿಯಿದೆ. ನಿಯಮ ಅದಕ್ಕೂ ಇದೇ:

ಪೆಟ್ಟಿಗೆಯಿಂದ ತಿದಿಯೊಳಕ್ಕೆ ಸೋರಿದರೆ ಮೂಕ. ತಿದಿಯಿಂದ ಹೊರಕ್ಕೆ ಸೋರಿದರೆ ನಿಲ್ಲದ ಕೂಗು.

ತೂತಾದ ಚರ್ಮದಲ್ಲಿ ಒಳಗಿನ ಒತ್ತಡ ಇಳಿಯುವುದೇ ಇಲ್ಲ, ಆದ್ದರಿಂದ ಹಿಂಡಿಕೆಯೂ ಇಲ್ಲ. ಮೊದಲು ಸ್ವರ ತಡವಾಗಿ ಬರುತ್ತದೆ, ಆಮೇಲೆ ಬರುವುದೇ ಇಲ್ಲ. ಬಿಲ್ಲೆಯಡಿ ಧೂಳು ಕೂತರೆ ಗಾಳಿ ಸದಾ ಹೊರಹೋಗಿ ಕೊಳವೆ ಕೂಗುತ್ತಲೇ ಇರುತ್ತದೆ. ಸ್ಥಳಾಂತರದ ನಂತರ ಈ ಎರಡನೆಯದೇ ಹೆಚ್ಚು: ಗೋಡೆಯ ಸುಣ್ಣದ ಪುಡಿ. ಗಾರೆ ಕೆಲಸ ಮುಗಿಯುವವರೆಗೆ ಪೆಟ್ಟಿಗೆ ತೆರೆಯಬೇಡಿ.

ಮೂಕ ಸ್ವರಕ್ಕೆ ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಪರೀಕ್ಷೆ. ಒಂದೇ ಸಾಲನ್ನು ಹಲವು ಸ್ಟಾಪ್‌ಗಳು (ಯಾವ ಸಾಲು ಯಾವ ಸ್ಥಾಯಿಯಲ್ಲಿ ನುಡಿಯಬೇಕೆಂದು ಆರಿಸುವ ಗುಂಡಿಗಳು) ಹಂಚಿಕೊಳ್ಳುತ್ತವೆ. 8 ಅಡಿ ಎಂದರೆ ಒತ್ತಿದ ಸ್ವರವೇ, 4 ಅಡಿ ಎಂದರೆ ಒಂದು ಸ್ಥಾಯಿ ಮೇಲೆ. 8 ಅಡಿ ಸ್ಟಾಪಿನಲ್ಲಿ ನಡು ಸಿ ಮೂಕವೇ? ಅದೇ ಸಾಲಿನ 4 ಅಡಿ ಹಾಕಿ, ಒಂದು ಸ್ಥಾಯಿ ಕೆಳಗಿನ ಸಿ ಒತ್ತಿ. ಕೊಳವೆ ಅದೇ. ನುಡಿದರೆ ತಿದಿ ಚೆನ್ನಾಗಿದೆ, ದೋಷ ಕೀಲಿ ಸಂಪರ್ಕದಲ್ಲೋ ರಿಲೇಯಲ್ಲೋ (ಕೀಲಿಯ ಸಂಕೇತವನ್ನು ಕಾಂತಗಳಿಗೆ ಹಂಚುವ ವಿದ್ಯುತ್ ಸ್ವಿಚ್ಚುಗಳು). ನುಡಿಯದಿದ್ದರೆ ಕಾಂತಕ್ಕೆ ಕಿವಿಗೊಡಿ: ಟಿಕ್ ಇಲ್ಲದಿದ್ದರೆ ತಂತಿ ಅಥವಾ ಸುರುಳಿ, ಟಿಕ್ ಇದ್ದರೆ ಬಹುಪಾಲು ಚರ್ಮ.

ಚರ್ಮ ಬದಲಿಸುವಾಗ ಇಡೀ ಸಾಲಿಗೇ ಬದಲಿಸಿ, ವಯಸ್ಸು ಎಲ್ಲದಕ್ಕೂ ಒಂದೇ. ಪ್ರಾಣಿಚರ್ಮದ ಅಂಟನ್ನು ಸುಮಾರು 60 ಡಿಗ್ರಿಗೆ ಕಾಯಿಸಿ ಹಚ್ಚಿ. ಬಡಗಿಯ ಬಿಳಿ ಅಂಟು ಬೇಡ: ಮುಂದಿನವರು ಕೀಳುವಾಗ ಮರವೂ ಎದ್ದು ಬರುತ್ತದೆ.

ಶ್ರುತಿ

ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸಾದಾ ಕೊಳವೆ ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರುತ್ತದೆ, ಲೋಹದ ನಾಲಗೆ ಕಂಪಿಸಿ ನುಡಿಯುವ ರೀಡ್ ಕೊಳವೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸಭಾಂಗಣ ಕಛೇರಿಯ ದಿನದಷ್ಟು ಬಿಸಿಯಾದ ಮೇಲೆಯೇ ರೀಡ್ ಮುಟ್ಟಿ.